ರೋಗಿ ಘಾಟಿ ಇಳಿಯೋದು ಬೇಡ, ಔಷಧಿ ಘಾಟಿ ಹತ್ತಲಿ

ದಿನಕ್ಕೆ ಹತ್ತು ಹನ್ನೆರಡು ಸಲ ಹೊರಗೆ ಓಡಬೇಕು, ಓಡಿದಾಗಲೆಲ್ಲ ರಕ್ತ ಹೋಗುತ್ತೆ. ಇಂಥ ರೋಗಿಯನ್ನು ಬಸ್ಸಿಗೆ ಹತ್ತಿಸಿ, ಆಗುಂಬೆ ಘಾಟಿಯ 14 ತಿರುವು ಇಳಿಸಿ, ಎರಡು ಗಂಟೆ ಡ್ರಿಪ್ ಹಾಕಿಸಿ, ಅದೇ 14 ತಿರುವು ಹತ್ತಿಸಿ ವಾಪಸ್ ಕರೆತರುವುದಕ್ಕೆ ನಾವು 'ಚಿಕಿತ್ಸೆ' ಅಂತ ಹೆಸರಿಟ್ಟಿದ್ದೇವೆ. ಬಸ್ಸಿನಲ್ಲಿ ಶೌಚಾಲಯ ಇಲ್ಲ. ಡ್ರೈವರ್‌ಗೆ ನಿಲ್ಲಿಸಿ ಅಂತ ಎಷ್ಟು ಸಲ ಹೇಳೋದು? ಹೆಣ್ಣುಮಕ್ಕಳಾದರೆ ಹೇಳೋದು ಹೇಗೆ? ಅದಕ್ಕೇ ಹಿಂದಿನ ರಾತ್ರಿಯಿಂದಲೇ ಊಟ ಬಿಟ್ಟು ಹೊರಡುತ್ತಾರೆ. ಮೊದಲೇ ರಕ್ತ ಇಲ್ಲದ ಮೈ, ಅದರ ಮೇಲೆ ಉಪವಾಸ.

ಅಡ್ಡಗದ್ದೆ, ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಘಾಟಿ ಕೆಳಗೆ ಅಥವಾ ಶಿವಮೊಗ್ಗ. ಇದು ನಮ್ಮ ಅಪ್ಪಂದಿರ ಕಾಲದಿಂದ ಬಂದ ಅಭ್ಯಾಸ. ಆಪರೇಷನ್ ಇದ್ದರೆ ಸರಿ, ಒಂದು ಸಲ ಹೋಗಿ ಬರಬಹುದು. ಆದರೆ ನಾನು ಇವತ್ತು ಹೇಳುತ್ತಿರುವುದು ಮತ್ತೆ ಮತ್ತೆ ಹೋಗಲೇಬೇಕಾದ ಕಾಯಿಲೆಯ ಬಗ್ಗೆ. ಈ ಡ್ರಿಪ್ಪನ್ನು ನಮ್ಮ ತಾಲೂಕು ಆಸ್ಪತ್ರೆಯಲ್ಲೇ ಹಾಕಬಹುದು. ಹಾಕದೇ ಇರುವುದಕ್ಕೆ ವೈದ್ಯಕೀಯ ಕಾರಣ ಇಲ್ಲ. ಯಾರೂ ಗಟ್ಟಿಯಾಗಿ ಕೇಳಿಲ್ಲ, ಅಷ್ಟೆ.

ಕಾಯಿಲೆ ಏನು?

ಡಾಕ್ಟರುಗಳು ಇದನ್ನು ಐಬಿಡಿ ಅನ್ನುತ್ತಾರೆ. ಅಂದರೆ ಕರುಳಿನ ಉರಿಯೂತದ ಕಾಯಿಲೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಯಿಂದ ಗುದದ ತನಕ ಎಲ್ಲಿ ಬೇಕಾದರೂ ಬಂದು, ಕರುಳಿನ ಗೋಡೆಯನ್ನೇ ಆಳಕ್ಕೆ ತಿನ್ನುವುದು ಕ್ರೋನ್ಸ್ ಕಾಯಿಲೆ. ನಮ್ಮ ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕರುಳಿನ ಮೇಲೆ ಬೀಳುತ್ತದೆ. ಕಾವಲಿಗೆ ಸಾಕಿದ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಇದು ಅಂಟುರೋಗ ಅಲ್ಲ. ಖಾರ ತಿಂದಿದ್ದಕ್ಕೆ ಬಂದಿದ್ದೂ ಅಲ್ಲ, ಯಾರ ಶಾಪವೂ ಅಲ್ಲ. ಹೆಚ್ಚಾಗಿ ಹದಿನೈದರಿಂದ ಮೂವತ್ತೈದರ ಒಳಗೆ, ಓದುವ, ದುಡಿಯುವ, ಮದುವೆಯಾಗುವ ವಯಸ್ಸಿನಲ್ಲಿ ಶುರುವಾಗುತ್ತದೆ.

'ಇದೆಲ್ಲ ಪೇಟೆಯವರ ಕಾಯಿಲೆ' ಅನ್ನುವವರಿದ್ದಾರೆ. ಹೈದರಾಬಾದಿನ ಎಐಜಿ ಆಸ್ಪತ್ರೆಯ ವೈದ್ಯರು ತೆಲಂಗಾಣದ ಹಳ್ಳಿಗಳಿಗೇ ಹೋಗಿ, ಹೊಟ್ಟೆಯ ತೊಂದರೆ ಇದ್ದವರನ್ನು ಪರೀಕ್ಷೆ ಮಾಡಿ 2023ರಲ್ಲಿ ವರದಿ ಪ್ರಕಟಿಸಿದರು. ಅಂಥವರಲ್ಲಿ ಐಬಿಡಿ ಇದ್ದವರು ಪೇಟೆಯಲ್ಲಿ ನೂರಕ್ಕೆ ಐದರ ಆಸುಪಾಸು, ಹಳ್ಳಿಯಲ್ಲೂ ನೂರಕ್ಕೆ ಐದರ ಆಸುಪಾಸು. ಪೇಟೆಯವರಿಗೆ ಕಾಯಿಲೆಗೆ ಹೆಸರು ಸಿಗುತ್ತೆ. ಹಳ್ಳಿಯವರಿಗೆ 'ಮೂಲವ್ಯಾಧಿ' ಅನ್ನೋ ಬೋರ್ಡು ಸಿಗುತ್ತೆ. ವ್ಯತ್ಯಾಸ ಇರುವುದು ಅಲ್ಲಿ.

ಆ ಬೋರ್ಡನ್ನು ನೀವೂ ನೋಡಿದ್ದೀರಿ. ಬಸ್ ಸ್ಟ್ಯಾಂಡ್ ಗೋಡೆ, ಲೈಟ್ ಕಂಬ, ಎಲ್ಲ ಕಡೆ ಇದೆ. ರಕ್ತ ಹೋಯಿತು ಅಂದ ತಕ್ಷಣ ಮೂಲವ್ಯಾಧಿ ಅಂತ ತೀರ್ಮಾನ ಮಾಡಿ ವರ್ಷಗಟ್ಟಲೆ ಪುಡಿ, ಲೇಹ್ಯ, ಮುಲಾಮು. ಇನ್ನು ಕೆಲವರಿಗೆ ಸ್ಟೆರಾಯ್ಡ್ ಮಾತ್ರೆ. ಅಗ್ಗ, ಹತ್ತು ದಿನದಲ್ಲಿ ಆರಾಮ. ಆರಾಮಾಯಿತು ಅಂತ ಅದೇ ಚೀಟಿ ಹಿಡಿದು ಮತ್ತೆ ಮತ್ತೆ ಮೆಡಿಕಲ್ ಶಾಪ್‌ನಲ್ಲಿ ತಗೊಳ್ಳುವುದು. ಮುಖ ಊದಿಕೊಳ್ಳುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಕರುಳಿನ ಕಾಯಿಲೆ ಮಾತ್ರ ಇದ್ದಲ್ಲೇ ಇರುತ್ತದೆ. ಸ್ಟೆರಾಯ್ಡ್ ಬೆಂಕಿ ಆರಿಸೋಕೆ ಮಾತ್ರ, ವರ್ಷಾನುಗಟ್ಟಲೆ ತಿನ್ನುವುದಕ್ಕಲ್ಲ.

ಡ್ರಿಪ್ ಏನು ಮಾಡುತ್ತೆ?

ಎಲ್ಲರಿಗೂ ಡ್ರಿಪ್ ಬೇಕಾಗುವುದಿಲ್ಲ. ಕೊಲೈಟಿಸ್ ಇರುವ ಎಷ್ಟೋ ಜನ ಮೆಸಲಮೈನ್ ಮಾತ್ರೆಯಲ್ಲೇ ಚೆನ್ನಾಗಿರುತ್ತಾರೆ. ಕೆಲವರಿಗೆ ಅಜಾಥಿಯೋಪ್ರಿನ್ ಬೇಕಾಗುತ್ತದೆ. ಇದ್ಯಾವುದಕ್ಕೂ ಬಗ್ಗದ ಕಾಯಿಲೆಗೆ ಬಯೋಲಾಜಿಕ್ ಔಷಧಿಗಳು. ಇವು ರಾಸಾಯನಿಕ ಬೆರೆಸಿ ಮಾಡಿದ ಮಾತ್ರೆಗಳಲ್ಲ, ಜೀವಂತ ಕೋಶಗಳಲ್ಲಿ ಬೆಳೆಸಿ ತೆಗೆದ ಪ್ರತಿಕಾಯಗಳು. ಇವುಗಳಲ್ಲಿ ಹಳೆಯದು ಇನ್‌ಫ್ಲಿಕ್ಸಿಮ್ಯಾಬ್. ಉರಿಯೂತಕ್ಕೆ ಕುಮ್ಮಕ್ಕು ಕೊಡುವ ಟಿಎನ್‌ಎಫ್ ಅನ್ನೋ ವಸ್ತುವನ್ನು ಹಿಡಿದು ಕಟ್ಟಿಹಾಕುತ್ತದೆ. ಅಮೆರಿಕದಲ್ಲಿ 1998ರಲ್ಲೇ ಕ್ರೋನ್ಸ್‌ಗೆ ಒಪ್ಪಿಗೆ ಸಿಕ್ಕಿತು, 2005ರಲ್ಲಿ ಕೊಲೈಟಿಸ್‌ಗೂ ಸಿಕ್ಕಿತು. ಅಂದರೆ ಇದೇನು ನಿನ್ನೆ ಮೊನ್ನೆ ಬಂದ ಪ್ರಯೋಗ ಅಲ್ಲ, ಕಾಲು ಶತಮಾನ ದಾಟಿದ ಔಷಧಿ.

ಕೊಡುವ ಕ್ರಮ ಹೀಗೆ. ಮೊದಲ ದಿನ ಒಂದು, ಎರಡನೇ ವಾರ ಒಂದು, ಆರನೇ ವಾರ ಒಂದು. ಆಮೇಲೆ ಪ್ರತಿ ಎಂಟು ವಾರಕ್ಕೊಂದು. ಸಾಮಾನ್ಯ ಪ್ರಮಾಣ ಒಂದು ಕಿಲೋ ತೂಕಕ್ಕೆ 5 ಮಿಲಿಗ್ರಾಂ. ಕನಿಷ್ಠ ಎರಡು ಗಂಟೆ ನಿಧಾನವಾಗಿ ಹೋಗಬೇಕು, ಆಮೇಲೆ ಒಂದೆರಡು ಗಂಟೆ ನಿಗಾ.

ಲೆಕ್ಕ ಹಾಕಿ. 50 ಕಿಲೋ ತೂಕದ ಹುಡುಗಿಗೆ ಒಂದು ಸಲಕ್ಕೆ 250 ಮಿಲಿಗ್ರಾಂ. ಬಾಟಲಿ ಬರುವುದು 100 ಮಿಲಿಗ್ರಾಂನದ್ದು, ಅಂದರೆ ಮೂರು ಬಾಟಲಿ. ಮೊದಲ ವರ್ಷ ಎಂಟು ಸಲ, ಒಟ್ಟು 24 ಬಾಟಲಿ. ಒಂದೊಂದು ಬಾಟಲಿಗೆ ಹತ್ತಾರು ಸಾವಿರ. ಶೃಂಗೇರಿಯಿಂದ ಮಣಿಪಾಲಕ್ಕೆ ಸುಮಾರು 80 ಕಿಲೋಮೀಟರ್, ಹೋಗಿ ಬರುವುದು 160, ಎಂಟು ಸಲಕ್ಕೆ 1280. ಪ್ರತಿ ಸಲ ರೋಗಿಯ ಒಂದು ದಿನದ ದುಡಿಮೆ ಹೋಯಿತು, ಜೊತೆಗೆ ಹೋದವರದ್ದೂ ಹೋಯಿತು. ಕಾರು ಬಾಡಿಗೆಗೆ ತಗೊಂಡರೆ ಆ ಖರ್ಚು ಬೇರೆ.

ತಪ್ಪಿದ ಒಂದು ರೌಂಡು

'ಒಂದು ಸಲ ತಪ್ಪಿದರೆ ಏನಾಗುತ್ತೆ, ಮುಂದಿನ ತಿಂಗಳು ಹೋದರಾಯಿತು' ಅನ್ನಬೇಡಿ. ಅಡಿಕೆ ತೋಟ ಇದ್ದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೊಳೆಗೆ ಬೋರ್ಡೋ ಹೊಡೆಯುವುದು ಮಳೆ ಶುರುವಾಗುವ ಮೊದಲು ಒಂದು ಸಲ, ಸುಮಾರು 40-45 ದಿನಕ್ಕೆ ಇನ್ನೊಂದು ಸಲ. ಎರಡನೇ ರೌಂಡು ತಪ್ಪಿತೋ, ಮೊದಲ ರೌಂಡಿಗೆ ಹಾಕಿದ ದುಡ್ಡೂ ಕೊಳೆ ಪಾಲು.

ಇನ್‌ಫ್ಲಿಕ್ಸಿಮ್ಯಾಬ್ ವಿಷಯದಲ್ಲಿ ಇದು ಇನ್ನೂ ಕಠಿಣ. ಬಿಟ್ಟು ಬಿಟ್ಟು ಕೊಟ್ಟರೆ ನಮ್ಮ ಮೈ ಆ ಔಷಧಿಯನ್ನೇ ಶತ್ರು ಅಂತ ಗುರುತಿಸಿ, ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳುತ್ತದೆ. ಆಮೇಲೆ ಔಷಧಿ ಕೆಲಸ ಮಾಡುವುದಿಲ್ಲ. ದೀರ್ಘ ಅಂತರದ ನಂತರ ಮತ್ತೆ ಹಾಕಿದಾಗ ಅಲರ್ಜಿ ಆಗುವ ಅಪಾಯವೂ ಹೆಚ್ಚು. ಅಂದರೆ ಜುಲೈ ತಿಂಗಳಲ್ಲಿ ಘಾಟಿ ಮೇಲೆ ಮರ ಬಿದ್ದು ರಸ್ತೆ ಬಂದ್ ಆದರೆ, ಕೈಯಲ್ಲಿ ದುಡ್ಡಿಲ್ಲದೆ ಎರಡು ತಿಂಗಳು ಮುಂದಕ್ಕೆ ಹಾಕಿದರೆ, ರೋಗಿ ಕಳೆದುಕೊಳ್ಳುವುದು ಒಂದು ಡೋಸ್ ಮಾತ್ರ ಅಲ್ಲ. ಜೀವ ಹಿಡಿದಿದ್ದ ಔಷಧಿಯನ್ನೇ ಶಾಶ್ವತವಾಗಿ ಕಳೆದುಕೊಳ್ಳಬಹುದು. ಆಗ ಇನ್ನೂ ದುಬಾರಿ ಔಷಧಿ, ಇಲ್ಲದಿದ್ದರೆ ಕರುಳು ಕತ್ತರಿಸುವ ಆಪರೇಷನ್.

ಅದಕ್ಕೇ ನಾನು ಹೇಳುವುದು, ಈ ಕಾಯಿಲೆಯಲ್ಲಿ ದೂರ ಅನ್ನುವುದೇ ಒಂದು ರೋಗ.

'ತಾಲೂಕು ಆಸ್ಪತ್ರೆಯಲ್ಲಿ ಆಗಲ್ಲ' ಅನ್ನೋ ಮಾತು

ಆಗಲ್ಲ ಅನ್ನುವವರು ಮೂರು ಕಾರಣ ಕೊಡುತ್ತಾರೆ. ಒಂದೊಂದನ್ನೇ ನೋಡೋಣ.

ಮೊದಲನೆಯದು, ರಿಯಾಕ್ಷನ್ ಆದರೆ? ಆಗಬಹುದು. ಚಳಿ, ಜ್ವರ, ಮೈಯೆಲ್ಲ ದದ್ದು, ಅಪರೂಪಕ್ಕೆ ಬಿಪಿ ಕುಸಿಯುವುದು. ಇದಕ್ಕೆ ಬೇಕಾದದ್ದು ಅಡ್ರಿನಲಿನ್, ಹೈಡ್ರೋಕಾರ್ಟಿಸೋನ್, ಅಲರ್ಜಿ ಇಂಜೆಕ್ಷನ್, ಆಕ್ಸಿಜನ್ ಮತ್ತು ಪಕ್ಕದಲ್ಲಿ ಒಬ್ಬ ಡಾಕ್ಟರ್. ಈಗ ಹೇಳಿ, ತೋಟದಲ್ಲಿ ಹಾವು ಕಚ್ಚಿದವರನ್ನು ನಾವು ಎಲ್ಲಿಗೆ ಒಯ್ಯುತ್ತೇವೆ? ಅದೇ ತಾಲೂಕು ಆಸ್ಪತ್ರೆಗೆ. ಅಲ್ಲಿ ಹಾವಿನ ವಿಷದ ಔಷಧಿಯನ್ನು ಇದೇ ಥರ ಡ್ರಿಪ್ಪಿನಲ್ಲಿ ಕೊಡುತ್ತಾರೆ. ಕುದುರೆಯ ರಕ್ತದಿಂದ ತೆಗೆದ ಆ ಔಷಧಿಗೆ ಆಗುವ ರಿಯಾಕ್ಷನ್ ಇನ್‌ಫ್ಲಿಕ್ಸಿಮ್ಯಾಬ್‌ಗಿಂತ ಎಷ್ಟೋ ಹೆಚ್ಚು. ಅದನ್ನು ರಾತ್ರಿ ಹನ್ನೆರಡಕ್ಕೂ ನಿಭಾಯಿಸುವ ನರ್ಸಮ್ಮಂದಿರಿಗೆ ಬೆಳಗ್ಗೆ ಹತ್ತು ಗಂಟೆಗೆ, ಮೊದಲೇ ದಿನ ಗೊತ್ತುಮಾಡಿ ಹಾಕುವ ಡ್ರಿಪ್ ನಿಭಾಯಿಸೋಕೆ ಆಗಲ್ವಾ?

ಎರಡನೆಯದು, ಔಷಧಿ ತಣ್ಣಗಿರಬೇಕು. ಹೌದು, 2ರಿಂದ 8 ಡಿಗ್ರಿ. ನಮ್ಮ ಮಕ್ಕಳ ಲಸಿಕೆ ಇಡುವುದೂ ಅದೇ 2ರಿಂದ 8 ಡಿಗ್ರಿಯಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಾಗಲೂ ಆ ಲಸಿಕೆ ಕಾಪಾಡುವ ವ್ಯವಸ್ಥೆ ಸರ್ಕಾರಕ್ಕೆ ಗೊತ್ತಿದೆ. ಆ ಪೆಟ್ಟಿಗೆ ಪಕ್ಕ ಇನ್ನೊಂದು ಸಣ್ಣ ಪೆಟ್ಟಿಗೆ ಇಟ್ಟರೆ ಸಾಕು. ನಿಜ ಹೇಳಬೇಕೆಂದರೆ, ಮನೆಯಲ್ಲೇ ಚುಚ್ಚಿಕೊಳ್ಳುವ ಅಡಾಲಿಮುಮ್ಯಾಬ್ ಇಂಜೆಕ್ಷನ್‌ಗಿಂತ ಆಸ್ಪತ್ರೆಯ ಡ್ರಿಪ್ಪೇ ನಮ್ಮಂಥ ಊರಿಗೆ ವಾಸಿ. ನಮ್ಮ ಮನೆ ಫ್ರಿಜ್ಜಿಗೆ ಮೂರು ದಿನ ಕರೆಂಟ್ ಇಲ್ಲದಿದ್ದರೆ ಹಾಲೂ ಹೋಯಿತು, ಸಾವಿರಾರು ರೂಪಾಯಿ ಇಂಜೆಕ್ಷನ್ನೂ ಹೋಯಿತು.

ಮೂರನೆಯದು, ಕ್ಷಯದ ಭಯ. ಇದು ನಿಜವಾದ ಅಪಾಯ, ಹಗುರ ಮಾಡುವ ಹಾಗಿಲ್ಲ. ಟಿಎನ್‌ಎಫ್ ಕಟ್ಟಿಹಾಕಿದರೆ ಮೈಯಲ್ಲಿ ಮಲಗಿದ್ದ ಟಿಬಿ ಎದ್ದು ಕೂರಬಹುದು. ಅದಕ್ಕೇ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಮಾಂಟೂ ಅಥವಾ ರಕ್ತದ ಟಿಬಿ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಕರುಳಿನ ಟಿಬಿಯೂ ಕ್ರೋನ್ಸ್ ಕಾಯಿಲೆಯೂ ನೋಡೋಕೆ ಅಣ್ಣತಮ್ಮಂದಿರ ಥರ, ಬೇರೆ ಮಾಡುವುದು ದೊಡ್ಡ ಡಾಕ್ಟರಿಗೂ ಕಷ್ಟ. ಆದರೆ ಟಿಬಿ ಹುಡುಕುವುದು, ಟಿಬಿಗೆ ಉಚಿತವಾಗಿ ಔಷಧಿ ಕೊಡುವುದು, ಕೆಮ್ಮಿದವರ ಮನೆಗೆ ಆಶಾ ಕಾರ್ಯಕರ್ತೆಯನ್ನು ಕಳಿಸುವುದು, ಇಷ್ಟನ್ನು ನಮ್ಮ ಸರ್ಕಾರಿ ವ್ಯವಸ್ಥೆ ಯಾವ ಖಾಸಗಿ ಆಸ್ಪತ್ರೆಗಿಂತ ಚೆನ್ನಾಗಿ ಮಾಡುತ್ತದೆ. ಟಿಬಿ ಭಯ ಇದೆ ಅನ್ನುವುದೇ ಈ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯ ಕಣ್ಣಳತೆಯಲ್ಲಿ ನಡೆಯಬೇಕು ಅನ್ನೋದಕ್ಕೆ ಕಾರಣ.

ನಾನು ಕೇಳುತ್ತಿರುವುದು ಶೃಂಗೇರಿಯಲ್ಲೇ ಕೊಲೊನೋಸ್ಕೋಪಿ ಮಾಡಿ ಅಂತಲ್ಲ. ಕಾಯಿಲೆ ಗುರುತಿಸುವುದು, ಔಷಧಿ ತೀರ್ಮಾನಿಸುವುದು, ಮೊದಲ ಮೂರು ಡ್ರಿಪ್ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ. ರೋಗಿಗೆ ಔಷಧಿ ಹಿಡಿಸಿದ ಮೇಲೆ ನಾಲ್ಕನೆಯದರಿಂದ ಇಲ್ಲಿ ಹಾಕಿ. ವರ್ಷಕ್ಕೆ ಒಂದೆರಡು ಸಲ ದೊಡ್ಡ ಡಾಕ್ಟರನ್ನು ನೋಡಿ ಬರಲಿ.

ಬೇರೆ ಕಾಯಿಲೆಗೆ ಆಗಿದೆಯಲ್ಲ?

ಡಯಾಲಿಸಿಸ್ ಒಂದು ಕಾಲಕ್ಕೆ ದೊಡ್ಡ ಊರಿನ ಮಾತು. ಇವತ್ತು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ನಡೆಯುತ್ತದೆ. ಕ್ಯಾನ್ಸರ್ ರೋಗಿಗಳು ಕಿಮೋಗೆ ಬೆಂಗಳೂರಿಗೇ ಓಡಬೇಕಿಲ್ಲ ಅಂತ 2025ರಲ್ಲಿ ರಾಜ್ಯ ಸರ್ಕಾರವೇ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರ ಶುರು ಮಾಡಿತು. ಬೆಳಗ್ಗೆ ಬಂದು, ಡ್ರಿಪ್ ಹಾಕಿಸಿಕೊಂಡು, ಸಂಜೆ ಮನೆಗೆ. ಐಬಿಡಿ ರೋಗಿ ಕೇಳುವುದೂ ಅಷ್ಟನ್ನೇ. ಕುರ್ಚಿ ಅದೇ, ಸ್ಟ್ಯಾಂಡ್ ಅದೇ, ನರ್ಸ್ ಅವರೇ.

ಇನ್ನೊಂದು ಉದಾಹರಣೆ ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟದ ಕಾಯಿಲೆ. ರೋಗಿಗಳು ಕಡಿಮೆ, ಔಷಧಿ ದುಬಾರಿ, ತಣ್ಣಗಿಡಬೇಕು, ರಕ್ತನಾಳಕ್ಕೇ ಕೊಡಬೇಕು. ಇವತ್ತು ರಾಜ್ಯದ ಜಿಲ್ಲಾ ಆಸ್ಪತ್ರೆಗಳಲ್ಲಿ ಆ ಔಷಧಿ ಉಚಿತ. ಅದು ತಾನಾಗಿ ಆಗಲಿಲ್ಲ. ದಾವಣಗೆರೆಯಲ್ಲಿ ಡಾ. ಸುರೇಶ್ ಹನಗವಾಡಿ ಅವರು, ಸ್ವತಃ ಹಿಮೋಫಿಲಿಯಾ ಇರುವವರು, ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿ ರೋಗಿಗಳನ್ನು ಒಟ್ಟು ಮಾಡಿದರು. ಒಟ್ಟಾದವರ ದನಿ ವಿಧಾನಸೌಧದ ತನಕ ಕೇಳುತ್ತದೆ. ಒಬ್ಬೊಬ್ಬರೇ ನಾಚಿಕೊಂಡು ಕೂತರೆ ಪಕ್ಕದ ಮನೆಗೂ ಕೇಳುವುದಿಲ್ಲ.

ನಮ್ಮ ಮಂಗನ ಕಾಯಿಲೆಯನ್ನೇ ನೋಡಿ. ಆ ರೋಗಿಗಳನ್ನು ಮಣಿಪಾಲಕ್ಕೆ ಕಳಿಸಿದಾಗ ಚಿಕಿತ್ಸೆಯ ಖರ್ಚನ್ನು ಸರ್ಕಾರ ಭರಿಸಿದೆ. ಜನ ಸಿಟ್ಟಿಗೆದ್ದರು, ಪತ್ರಿಕೆಗಳು ಬರೆದವು, ದಾರಿ ಸಿಕ್ಕಿತು. ಮನಸ್ಸಿದ್ದರೆ ಮಾರ್ಗ ಅನ್ನೋದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ.

ದುಡ್ಡು ಯಾರು ಕೊಡಬೇಕು?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ನಮ್ಮ ಕಡೆ ಎಪಿಎಲ್ ಅಂದರೆ ಯಾರು? ಎರಡು ಎಕರೆ ಅಡಿಕೆ ತೋಟ ಇದೆ ಅಂತ ಕಾರ್ಡ್ ಬದಲಾದವರು. ಆ ತೋಟದಲ್ಲಿ ಹಳದಿ ಎಲೆ ರೋಗ ಬಂದು ಮರ ನಿಂತಿದೆ, ಕೊನೆ ಇಲ್ಲ. ಉಳಿದಿದ್ದಕ್ಕೆ ಎಲೆಚುಕ್ಕಿ. ಪಹಣಿಯಲ್ಲಿ ಸಾಹುಕಾರ, ಸೊಸೈಟಿಯಲ್ಲಿ ಸಾಲಗಾರ. ಅಂಥವರಿಗೆ ಉಳಿದ 70 ಪರ್ಸೆಂಟ್ ನೀನೇ ಹಾಕು ಅಂದರೆ ಅದು ಯೋಜನೆ ಅಲ್ಲ, ಬಂಗಾರ ಅಡ ಇಡು ಅನ್ನೋ ಸಲಹೆ.

ಇಡೀ ಯೋಜನೆಯ ಲೆಕ್ಕಾಚಾರವೇ ಪ್ಯಾಕೇಜಿನದ್ದು. ಒಂದು ಆಪರೇಷನ್, ಒಂದು ಅಡ್ಮಿಷನ್, ಒಂದು ಬಿಲ್ಲು. ಎಂಟು ವಾರಕ್ಕೊಮ್ಮೆ ಬಂದು ಸಂಜೆ ಮನೆಗೆ ಹೋಗುವ ರೋಗಿ ಆ ಚೌಕಟ್ಟಿನಲ್ಲಿ ಕೂರುವುದಿಲ್ಲ. ಕರುಳು ಕತ್ತರಿಸೋಕೆ ಪ್ಯಾಕೇಜ್ ಇದೆ. ಕತ್ತರಿಸುವ ಸ್ಥಿತಿ ಬಾರದಂತೆ ತಡೆಯುವ ಡ್ರಿಪ್ಪಿಗೂ ಅಷ್ಟೇ ಸ್ಪಷ್ಟವಾದ ಒಂದು ಹೆಸರು, ಒಂದು ಕೋಡ್, ವರ್ಷಪೂರ್ತಿಯ ಒಂದೇ ಮಂಜೂರಾತಿ ಬೇಕು. ಪ್ರತಿ ಸಲ ಹೊಸದಾಗಿ ಕಾಗದ ಹಿಡಿದು ಅಲೆದಾಡಿಸಬಾರದು.

'ಔಷಧಿ ತುಂಬಾ ದುಬಾರಿ, ಸರ್ಕಾರಕ್ಕೆ ಹೊರೆ' ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಕ್ರೋನ್ಸ್‌ನಂಥ ಕಾಯಿಲೆಗೆ ಅಡಾಲಿಮುಮ್ಯಾಬನ್ನು, ಬದಲಿಯಾಗಿ ಇನ್‌ಫ್ಲಿಕ್ಸಿಮ್ಯಾಬನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಮೂಲ ಔಷಧಿಯ ಪೇಟೆಂಟ್ ಕಾಲ ಮುಗಿದ ಮೇಲೆ ಅದೇ ಗುಣದ ಬಯೋಸಿಮಿಲರ್ ಔಷಧಿಗಳು ಬಂದಿವೆ. ಅಡಾಲಿಮುಮ್ಯಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್ ಮಾರುಕಟ್ಟೆಗೆ ಬಂದಿದ್ದು ನಮ್ಮ ದೇಶದಲ್ಲಿ, 2014ರ ಡಿಸೆಂಬರ್‌ನಲ್ಲಿ, ಜೈಡಸ್ ಕಂಪನಿಯಿಂದ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಇದೇ ಒಂದು ಔಷಧಿಗೆ ವರ್ಷಕ್ಕೆ 40 ಕೋಟಿ ಪೌಂಡ್‌ಗೂ ಹೆಚ್ಚು ಸುರಿಯುತ್ತಿತ್ತು. ಬಯೋಸಿಮಿಲರ್ ಬಂದಾಗ, 2018ರಲ್ಲಿ, ಕಂಪನಿಗಳನ್ನು ಪೈಪೋಟಿಗೆ ಕೂರಿಸಿ 30 ಕೋಟಿ ಪೌಂಡ್ ಉಳಿಸುವ ಒಪ್ಪಂದ ಮಾಡಿಕೊಂಡಿತು. ಒಬ್ಬ ರೋಗಿ ಮೆಡಿಕಲ್ ಶಾಪ್‌ನಲ್ಲಿ ಚೌಕಾಸಿ ಮಾಡೋಕೆ ಆಗಲ್ಲ. ಇಡೀ ರಾಜ್ಯದ ಪರವಾಗಿ ಒಟ್ಟಿಗೆ ಕೊಳ್ಳುವ ವೈದ್ಯಕೀಯ ಸರಬರಾಜು ನಿಗಮ ಮಾಡಬಹುದು.

ಇನ್ನೊಂದು ವಿಷಯ ಕೇಳಿ. ಕ್ರೋನ್ಸ್‌ಗೂ ಕೊಲೈಟಿಸ್‌ಗೂ ಕೊಡುವ ಉಸ್ಟೆಕಿನುಮ್ಯಾಬ್ ಅಂತ ಇನ್ನೊಂದು ಬಯೋಲಾಜಿಕ್ ಇದೆ, ಮೊದಲ ಡೋಸ್ ಡ್ರಿಪ್ಪಿನಲ್ಲಿ. ನಮ್ಮ ಬೆಂಗಳೂರಿನ ಬಯೋಕಾನ್ ಬಯೋಲಾಜಿಕ್ಸ್ ಅದರ ಬಯೋಸಿಮಿಲರ್ ಮಾಡಿತು. 2024ರ ನವೆಂಬರ್‌ನಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು, 2025ರ ಫೆಬ್ರವರಿಯಲ್ಲಿ ಅಲ್ಲಿನ ಮಾರುಕಟ್ಟೆಗೆ ಹೋಯಿತು. ಹೆಮ್ಮೆಯ ವಿಷಯವೇ. ಆದರೆ ಕನ್ನಡನಾಡಿನ ಕಂಪನಿಯ ಔಷಧಿ ಸಮುದ್ರ ದಾಟಿ ಅಮೆರಿಕದ ರೋಗಿಗೆ ತಲುಪುವ ಕಾಲದಲ್ಲಿ, ಇಂಥ ಔಷಧಿಗಾಗಿ ಅಡ್ಡಗದ್ದೆಯ ರೋಗಿ ಘಾಟಿ ಇಳಿಯುತ್ತಿರುವುದು ನಾಚಿಕೆಯ ವಿಷಯ.

'ಈಗ ಮಾತ್ರೆ ಬಂದಿದೆಯಲ್ಲ' ಅಂತಲೂ ಕೇಳಬಹುದು. ಬಂದಿದೆ. ಟೊಫಾಸಿಟಿನಿಬ್ ಅಗ್ಗದ ಮಾತ್ರೆ, ಕೊಲೈಟಿಸ್ ಇರುವ ಕೆಲವರಿಗೆ ಒಳ್ಳೆಯದು. ಆದರೆ ಕ್ರೋನ್ಸ್‌ಗೆ ಅದು ನಡೆಯುವುದಿಲ್ಲ, ಮತ್ತು ಎಲ್ಲರಿಗೂ ಕೊಡುವ ಹಾಗೂ ಇಲ್ಲ. ಯಾರಿಗೆ ಯಾವುದು ಅಂತ ಡಾಕ್ಟರ್ ತೀರ್ಮಾನ ಮಾಡಬೇಕು. ಬಸ್ಸಿನ ದಾರಿ ತೀರ್ಮಾನ ಮಾಡಬಾರದು.

ಏನು ಕೇಳಬೇಕು?

ಶೃಂಗೇರಿಗೆ 100 ಹಾಸಿಗೆ ಆಸ್ಪತ್ರೆ ಬೇಕು ಅಂತ ಜನ ವರ್ಷಗಳಿಂದ ಕೂಗುತ್ತಿದ್ದಾರೆ, ಅದಕ್ಕಾಗಿ ಬೀದಿಗೂ ಇಳಿದಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದು. ಆದರೆ ಹಾಸಿಗೆ ಎಣಿಸಿದರೆ ಸಾಲದು, ಆ ಹಾಸಿಗೆಯಲ್ಲಿ ಏನು ಸಿಗುತ್ತೆ ಅಂತಲೂ ಕೇಳಬೇಕು. ಈ ಡ್ರಿಪ್ಪಿಗೆ ಬೇಕಿರುವುದು ಒಂದೇ ಹಾಸಿಗೆ, ವಾರಕ್ಕೆ ಒಂದು ದಿನ.

ಮುಂದಿನ ಗ್ರಾಮಸಭೆಯಲ್ಲಿ ಮೂರು ಸಾಲಿನ ಠರಾವು ಬರೆಸಿ. ಒಂದು, ಐಬಿಡಿಯ ಬಯೋಲಾಜಿಕ್ ಔಷಧಿಗಳನ್ನು ನಿಗಮದ ಮೂಲಕ ಕೊಂಡು ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡಬೇಕು. ಎರಡು, ನಾಲ್ಕನೇ ಡ್ರಿಪ್ಪಿನಿಂದ ತಾಲೂಕು ಆಸ್ಪತ್ರೆಯಲ್ಲೇ ಹಾಕಬೇಕು, ಅದಕ್ಕೆ ಸಿಬ್ಬಂದಿಗೆ ತರಬೇತಿ ಕೊಡಬೇಕು. ಮೂರು, ಮೊದಲ ವರ್ಷದ ಎಂಟೂ ಡ್ರಿಪ್ಪಿಗೆ ಒಂದೇ ಸಲ ಮಂಜೂರಾತಿ, ಎಪಿಎಲ್ ಬಿಪಿಎಲ್ ಭೇದವಿಲ್ಲದೆ. ಠರಾವಿನ ಪ್ರತಿ ಶಾಸಕರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ನಾಲ್ಕು ವಾರ ದಾಟಿಯೂ ಭೇದಿ ನಿಲ್ಲದಿದ್ದರೆ, ರಕ್ತ ಹೋಗುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎದ್ದು ಓಡುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಬೋರ್ಡು ನೋಡಿ ಹೋಗಬೇಡಿ. ಕರುಳಿನ ತಜ್ಞರ ಹತ್ತಿರ ಹೋಗಿ, ಕೊಲೊನೋಸ್ಕೋಪಿ ಬೇಕಾ ಅಂತ ಕೇಳಿ. ಈಗಾಗಲೇ ಡ್ರಿಪ್ ಶುರುವಾಗಿದ್ದರೆ ತಾರೀಕು ತಪ್ಪಿಸಬೇಡಿ. ತಪ್ಪುವ ಹಾಗಿದ್ದರೆ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ಜ್ವರ, ಬಿಡದ ಕೆಮ್ಮು ಇದ್ದರೆ ಮುಚ್ಚಿಡಬೇಡಿ. ಸ್ಟೆರಾಯ್ಡನ್ನು ನೀವೇ ಮುಂದುವರಿಸಬೇಡಿ, ನೀವೇ ಥಟ್ಟನೆ ನಿಲ್ಲಿಸಲೂ ಬೇಡಿ.

ಜಿಲ್ಲೆಯ ಸುದ್ದಿ ಬರೆದು ಹೊಟ್ಟೆ ಹೊರೆಯುವ ನನಗೆ ಒಂದು ಗೊತ್ತು. ಆನೆ ಬಂದರೆ ಸುದ್ದಿ, ಘಾಟಿ ಕುಸಿದರೆ ಸುದ್ದಿ. ಬಸ್ಸಿನ ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದು ಕೂತ ಇಪ್ಪತ್ತರ ಹುಡುಗ ಸುದ್ದಿ ಅಲ್ಲ. ಅವನು ಮಾತಾಡಲ್ಲ, ಯಾಕಂದರೆ ಅವನ ಕಾಯಿಲೆಯ ಹೆಸರು ಹೇಳಬೇಕಾದರೆ ಕಕ್ಕಸಿನ ವಿಷಯ ಎತ್ತಬೇಕು. ಹಾಗಾಗಿ ನಾವೇ ಎತ್ತೋಣ, ಜೋರಾಗಿ, ಗ್ರಾಮಸಭೆಯ ಮೈಕಿನಲ್ಲಿ. ಓಟು ಕೇಳೋಕೆ ಘಾಟಿ ಹತ್ತಿ ಬರುವವರಿಗೆ ಔಷಧಿಯ ಬಾಟಲಿಯನ್ನೂ ಹತ್ತಿಸಿಕೊಂಡು ಬರೋಕೆ ಹೇಳೋಣ.